ಗಿಣ್ಣದ ಹಾಲಿನ ಮೊದಲ ಹಕ್ಕು

(ಶಾಲೆಯ ವಾರ್ಷಿಕ ಸ್ನೇಹ ಸಮ್ಮೇಲನದಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಸಮಾರಂಭದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಸಂಸ್ಥೆಯವರು ನಮ್ಮನ್ನು ಕರೆದಾಗ ನಾವು ಬಹಳ ಹೊತ್ತು ಯೋಚಿಸಿದೆವು. ನಾಡುನುಡಿಗಳ ವಿಷಯವಾಗಿ ಮಾತನಾಡಲು ನಮಗಿಂತ ಬಲ್ಲವರು ಈ ಸಭೆಯಲ್ಲಿಯೇ ಇದ್ದಾರೆ. ನಮ್ಮ ಆಯುಷ್ಯದ ಬಹುಭಾಗ ದನಕರುಗಳ ಶುಶ್ರೂಷೆಯಲ್ಲಿ ಕಳೆದಿದೆ. ಮಿರಜ, ಕವಠೆ ಮಹಾಂಕಾಳ, ಜತ್ತ ಈ ತಾಲೂಕುಗಳ ಕೊಟ್ಟಿಗೆಗಳಲ್ಲಿ ಕಂದೀಲಿನ ಬೆಳಕಿನಲ್ಲಿ ಕಲಿತದ್ದೇ ನಮ್ಮ ಹೆಚ್ಚಿನ ವಿದ್ಯೆ. ಆದುದರಿಂದ ನಾವು ಬಲ್ಲ ವಿಷಯವನ್ನೇ ತಮ್ಮ ಮುಂದಿಡುತ್ತೇವೆ. ಆಗತಾನೆ ಹುಟ್ಟಿದ ಕರು, ಕುರಿಮರಿ, ಹಂದಿಮರಿಗಳು ಹೇಗೆ ಬದುಕುತ್ತವೆ, ಏಕೆ ಸಾಯುತ್ತವೆ ಎಂಬುದೇ ಆ ವಿಷಯ. ಶಾಲೆಯ ಸಮ್ಮೇಲನದಲ್ಲಿ ಕೊಟ್ಟಿಗೆಯ ಮಾತೇಕೆ ಎಂದು ಯಾರಾದರೂ ಕೇಳಿದರೆ, ಈ ಸಭೆಯಲ್ಲಿ ಕುಳಿತ ಮಕ್ಕಳಲ್ಲಿ ಅನೇಕರ ಪಾಟಿ ಪುಸ್ತಕಗಳ ಹಣ ಕೊಟ್ಟಿಗೆಯಿಂದಲೇ ಬರುತ್ತದೆ ಎಂಬುದಷ್ಟೇ ನಮ್ಮ ಉತ್ತರ.

ಮಕ್ಕಳೆ, ಮೊದಲು ನಿಮ್ಮನ್ನೇ ಒಂದು ಮಾತು ಕೇಳುತ್ತೇವೆ. ಗಿಣ್ಣ ತಿಂದವರು ಯಾರು ಯಾರು? ಕೈ ಎತ್ತಿರಿ. ನೋಡಿರಿ, ಸಭೆಯ ತುಂಬ ಕೈಗಳೇ ಕಾಣುತ್ತವೆ! ನಿಮ್ಮ ಮರಾಠಿ ಗೆಳೆಯರು ಈ ಹಾಲಿಗೆ ಚೀಕ ಎನ್ನುತ್ತಾರೆ, ಅದರಿಂದ ಮಾಡಿದ ತಿನಿಸಿಗೆ ಖರವಸ ಎನ್ನುತ್ತಾರೆ. ಬೆಲ್ಲ ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ ಗಿಣ್ಣದ ರುಚಿಗೆ ಭಾಷೆಯ ಭೇದವಿಲ್ಲ. ಇನ್ನು ಎರಡನೆಯ ಪ್ರಶ್ನೆ. ನೀವು ಗಿಣ್ಣ ತಿಂದ ದಿನ, ಆ ಕರು ಏನು ಕುಡಿದಿತ್ತು, ಎಷ್ಟು ಕುಡಿದಿತ್ತು, ಯಾವಾಗ ಕುಡಿದಿತ್ತು ಎಂದು ನೋಡಿದವರು ಯಾರು? ಈಗ ಕೈಗಳು ಬಹಳ ಕಡಿಮೆಯಾದವು. ನಾವೂ ನಿಮ್ಮ ವಯಸ್ಸಿನಲ್ಲಿ ನೋಡಿದವರಲ್ಲ. ಅದರ ಕಥೆಯನ್ನು ಹೇಳಿಯೇ ಮುಂದೆ ಹೋಗುತ್ತೇವೆ.

ನಾವು ಹತ್ತು ವರ್ಷದವರಿದ್ದಾಗ ನಮ್ಮ ಮನೆಯ ಎಮ್ಮೆ ಚಳಿಗಾಲದ ಒಂದು ರಾತ್ರಿ ಈದಿತು. ಕರು ಎದ್ದು ನಿಂತು ಕೆಚ್ಚಲಿಗೆ ಮೂತಿ ಹಚ್ಚಲು ಹೋದಾಗ ಮನೆಯ ಹಿರಿಯರು, "ಇನ್ನೂ ಕಸ ಬಿದ್ದಿಲ್ಲ, ಈಗಲೇ ಕುಡಿಸಬ್ಯಾಡ್ರಿ" ಎಂದು ಅದನ್ನು ಎಳೆದು ದೂರ ಕಟ್ಟಿಸಿದರು. ಕಸ, ಎಂದರೆ ಮಾಸು, ಬಿದ್ದದ್ದು ಬೆಳಗಿನ ಹೊತ್ತಿಗೆ. ಆಗ ಮೊದಲು ಎಮ್ಮೆಯನ್ನು ಹಿಂಡಿದರು. ಹಳದಿ ಬಣ್ಣದ ಆ ಹಾಲು ಅಡಿಗೆಮನೆಗೆ ಹೋಯಿತು. ನೆರೆಯ ಐದು ಮನೆಗಳಿಗೂ ಹಂಚಿಕೆಯಾಯಿತು. ಕರುವಿನ ಪಾಲಿಗೆ ಕೊನೆಯ ನಾಲ್ಕು ಹನಿಗಳು ಉಳಿದವು. ನಾವು ಎರಡು ಬಟ್ಟಲು ಗಿಣ್ಣ ತಿಂದು ಶಾಲೆಗೆ ಹೋದೆವು. ಮೂರನೆಯ ದಿನ ಕರುವಿಗೆ ಬಿಳಿಯ ಭೇದಿ ಹತ್ತಿತು. ಐದನೆಯ ದಿನ ಅದು ಏಳಲಿಲ್ಲ. ದೃಷ್ಟಿ ತಾಕಿತೆಂದು ಮನೆಯವರು ಹೇಳಿದರು. ಅವರು ಕೆಟ್ಟವರಾಗಿರಲಿಲ್ಲ, ಆ ಕರುವಿಗಾಗಿ ಕಣ್ಣೀರು ಹಾಕಿದವರೂ ಅವರೇ. ಅವರಿಗೆ ತಿಳಿದಿರಲಿಲ್ಲ, ಅಷ್ಟೆ. ನಾವು ಮುಂದೆ ಪಶುಗಳ ವಿದ್ಯೆ ಕಲಿಯುವಾಗ ಪುಸ್ತಕದ ಒಂದು ಪುಟದಲ್ಲಿ ಆ ಕರುವಿನ ಸಾವಿನ ಕಾರಣವನ್ನು ಓದಿದೆವು. ಅಂದು ನಮಗೆ ಆ ಎರಡು ಬಟ್ಟಲುಗಳು ನೆನಪಾದವು.

ಆ ಪುಟದಲ್ಲಿ ಇದ್ದುದೇನು? ಅದನ್ನು ಸರಳವಾಗಿ ವಿವರಿಸುತ್ತೇವೆ. ನಮ್ಮ ಸುತ್ತಲಿನ ಗಾಳಿಯಲ್ಲಿ, ನೀರಿನಲ್ಲಿ, ಮಣ್ಣಿನಲ್ಲಿ ಕಣ್ಣಿಗೆ ಕಾಣದ ಅಸಂಖ್ಯ ಸೂಕ್ಷ್ಮ ಜೀವಿಗಳಿವೆ. ಅವುಗಳಲ್ಲಿ ಕೆಲವು ರೋಗ ತರುವಂಥವು. ಒಮ್ಮೆ ಒಂದು ರೋಗವನ್ನು ಎದುರಿಸಿದ ಶರೀರವು ಆ ರೋಗಾಣುವನ್ನು ಗುರುತು ಹಿಡಿದು ಕೆಡಹುವ ಕಣಗಳನ್ನು ತನ್ನ ರಕ್ತದಲ್ಲಿ ಸಿದ್ಧಪಡಿಸಿ ಇಟ್ಟುಕೊಳ್ಳುತ್ತದೆ. ಇವುಗಳನ್ನು ರೋಗನಿರೋಧಕ ಕಣಗಳೆನ್ನೋಣ. ಇವು ಒಂದು ಬಗೆಯ ಸಸಾರಜನಕಗಳು, ಎಂದರೆ ಪ್ರೋಟೀನುಗಳು. ಹತ್ತು ಮಳೆಗಾಲ ಕಂಡ ಎಮ್ಮೆಯ ರಕ್ತದಲ್ಲಿ ಆ ಕೊಟ್ಟಿಗೆಯ ರೋಗಗಳೆಲ್ಲಕ್ಕೂ ಉತ್ತರ ಕೊಡುವ ಕಣಗಳು ತುಂಬಿರುತ್ತವೆ. ಆದರೆ ಅದೇ ಎಮ್ಮೆಯ ಹೊಟ್ಟೆಯಲ್ಲಿದ್ದ ಕರುವಿಗೆ ಅವು ದೊರೆಯುವುದಿಲ್ಲ. ಏಕೆಂದರೆ ಆಕಳು, ಎಮ್ಮೆ, ಕುರಿ, ಆಡು, ಕುದುರೆ, ಹಂದಿ ಇವುಗಳಲ್ಲಿ ತಾಯಿಯ ರಕ್ತಕ್ಕೂ ಮರಿಯ ರಕ್ತಕ್ಕೂ ನಡುವೆ ಇರುವ ಮಾಸಿನ ಗೋಡೆಯು ಹಲವು ಪದರಗಳದು. ಆಹಾರದ ಸತ್ವ ಅದನ್ನು ದಾಟುತ್ತದೆ, ಪ್ರಾಣವಾಯು ದಾಟುತ್ತದೆ. ಈ ದೊಡ್ಡ ಕಣಗಳು ದಾಟಲಾರವು. ಆದುದರಿಂದ ಕರು ಹುಟ್ಟುವಾಗ ರಕ್ಷಣೆಯ ಮಟ್ಟಿಗೆ ಬರಿಗೈಯಿಂದಲೇ ಭೂಮಿಗೆ ಬರುತ್ತದೆ.

ಮನುಷ್ಯನ ಮಗುವಿನ ಪರಿ ಬೇರೆ. ನಮ್ಮ ತಾಯಂದಿರಲ್ಲಿ ಆ ಗೋಡೆ ತೆಳುವಾದುದು. ಗರ್ಭದ ಕೊನೆಯ ಮೂರು ತಿಂಗಳಲ್ಲಿ ತಾಯಿಯ ರಕ್ಷಣೆಯ ಕಣಗಳಲ್ಲಿ ಒಂದು ಪಾಲು ಮಗುವಿನ ರಕ್ತಕ್ಕೆ ಹರಿದುಬರುತ್ತದೆ. ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗೆ ಬೇಗ ರೋಗ ತಗಲುವುದಕ್ಕೆ ಇದೂ ಒಂದು ಕಾರಣ. ಕರುವಿಗಾದರೋ ಗರ್ಭದಲ್ಲಿ ಸಿಗದ ಆ ಬುತ್ತಿಯನ್ನು ಪ್ರಕೃತಿಯು ಬೇರೊಂದು ಕಡೆ ಕಟ್ಟಿ ಇಟ್ಟಿದೆ. ಈಯುವುದಕ್ಕೆ ಕೆಲವು ವಾರ ಮೊದಲಿನಿಂದ ತಾಯಿಯ ರಕ್ತದಲ್ಲಿನ ಈ ಕಣಗಳು ಕೆಚ್ಚಲಿಗೆ ಬಂದು ಸೇರತೊಡಗುತ್ತವೆ. ಅದುವೇ ಗಿಣ್ಣದ ಹಾಲು. ಗರ್ಭದಲ್ಲಿ ಕೊಡಲಾಗದ್ದನ್ನು ತಾಯಿ ಮೊದಲ ಗುಟುಕಿನಲ್ಲಿ ಕೊಡುತ್ತಾಳೆ.

ಈ ಗುಟ್ಟನ್ನು ಮನುಷ್ಯನು ಕಂಡುಕೊಂಡದ್ದು ಹೇಗೆಂಬುದು ಒಂದು ಸ್ವಾರಸ್ಯದ ಸಂಗತಿ. 1890ರಲ್ಲಿ ಜರ್ಮನಿಯಲ್ಲಿ ಬೆಹ್ರಿಂಗ್ ಎಂಬವರೂ ಜಪಾನಿನಿಂದ ಬಂದ ಕಿತಾಸಾತೋ ಎಂಬವರೂ ಕೂಡಿ, ರೋಗವನ್ನು ಎದುರಿಸಿದ ಪ್ರಾಣಿಯ ರಕ್ತದ ತಿಳಿಯಲ್ಲಿ ಇನ್ನೊಂದು ಪ್ರಾಣಿಯನ್ನು ಕಾಪಾಡುವ ಶಕ್ತಿ ಇದೆಯೆಂದು ತೋರಿಸಿದರು. ಅದರ ಬೆನ್ನಿಗೇ 1892ರಲ್ಲಿ ಪೌಲ್ ಎರ್ಲಿಖ್ ಎಂಬ ವಿಜ್ಞಾನಿ ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಅವರು ಬಳಸಿದ ವಿಷಗಳು ಯಾವುವು ಗೊತ್ತೇ? ಒಂದು ನಮ್ಮ ಔಡಲ ಬೀಜದ ವಿಷ, ಇನ್ನೊಂದು ನಮ್ಮ ಅಕ್ಕಸಾಲಿಗರು ಬಂಗಾರ ತೂಗುತ್ತಿದ್ದ ಗುಲಗಂಜಿಯ ವಿಷ. ಅತ್ಯಲ್ಪ ಪ್ರಮಾಣದಲ್ಲಿ ಕೊಡುತ್ತ ಬಂದು ಹೆಣ್ಣಿಲಿಯೊಂದು ಆ ವಿಷವನ್ನು ತಡೆದುಕೊಳ್ಳುವಂತೆ ಮಾಡಿದರು. ಅನಂತರ ಎರಡು ಇಲಿಗಳ ಮರಿಗಳನ್ನು ಅದಲುಬದಲು ಮಾಡಿ ಹಾಲು ಕುಡಿಸಿದರು. ರಕ್ಷಣೆಯಿಲ್ಲದ ತಾಯಿಗೆ ಹುಟ್ಟಿದರೂ ರಕ್ಷಣೆಯುಳ್ಳ ತಾಯಿಯ ಹಾಲು ಕುಡಿದ ಮರಿಗಳು ವಿಷವನ್ನು ತಡೆದುಕೊಂಡವು. ರಕ್ಷಣೆಯು ಹಾಲಿನಲ್ಲಿ ಹರಿದುಬರುತ್ತದೆಂಬುದು ಹೀಗೆ ಸಿದ್ಧವಾಯಿತು. ಗುಲಗಂಜಿಯನ್ನು ನೋಡಿದಾಗಲೆಲ್ಲ, ಮಕ್ಕಳೆ, ಇದನ್ನು ನೆನೆಯಿರಿ; ಬಾಯಿಗೆ ಮಾತ್ರ ಹಾಕಿಕೊಳ್ಳಬೇಡಿರಿ.

ಕರುಗಳ ವಿಷಯವಾಗಿ ನೇರವಾದ ಸಾಕ್ಷ್ಯ ದೊರೆತದ್ದು 1922ರಲ್ಲಿ. ಅಮೇರಿಕೆಯ ಪ್ರಿನ್ಸ್‌ಟನ್ ಎಂಬಲ್ಲಿ ಥಿಯೋಬಾಲ್ಡ್ ಸ್ಮಿತ್ ಮತ್ತು ಲಿಟಲ್ ಎಂಬ ಇಬ್ಬರು ಸಂಶೋಧಕರು ಕೆಲವು ಕರುಗಳಿಗೆ ಗಿಣ್ಣದ ಹಾಲು ಕುಡಿಸಿದರು. ಕೆಲವಕ್ಕೆ ಅದನ್ನು ಬಿಟ್ಟು ಸಾಮಾನ್ಯ ಹಾಲು ಕುಡಿಸಿದರು. ಗಿಣ್ಣ ಕುಡಿದವು ಬದುಕಿದವು. ಕುಡಿಯದವುಗಳಲ್ಲಿ ಬಹುಪಾಲು ಕೆಲವೇ ದಿನಗಳಲ್ಲಿ ಸತ್ತವು. ಹೊಟ್ಟೆಗೆ ಹಾಲು ಎರಡಕ್ಕೂ ಇತ್ತು. ಇಲ್ಲದಿದ್ದದ್ದು ತಾಯಿಯ ರಕ್ಷಣೆ. ನಮ್ಮ ಮನೆಯ ಆ ಕರುವಿನ ಕಥೆಯೂ ಇದೇ.

ಇನ್ನು ಅತ್ಯಂತ ಮುಖ್ಯವಾದ ಮಾತಿಗೆ ಬರುತ್ತೇವೆ. ಅದು ಕಾಲದ ಮಾತು. ನಾವು ನೀವು ಉಂಡ ಸಸಾರಜನಕವು ಕರುಳಿನಲ್ಲಿ ಅರೆದು ಚೂರುಚೂರಾಗಿ ರಕ್ತಕ್ಕೆ ಸೇರುತ್ತದೆ. ಆದರೆ ಆಗತಾನೆ ಹುಟ್ಟಿದ ಕರುವಿನ ಕರುಳು ಮಾತ್ರ ಈ ರಕ್ಷಣೆಯ ಕಣಗಳನ್ನು ಇಡಿಯಾಗಿಯೇ ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಅದು ಮನೆಯ ಬಾಗಿಲನ್ನು ಅತಿಥಿಗಾಗಿ ಸ್ವಲ್ಪ ಹೊತ್ತು ತೆರೆದಿಟ್ಟಂತೆ. ಹುಟ್ಟಿದ ಮೊದಲ ಎರಡು ಮೂರು ತಾಸುಗಳಲ್ಲಿ ಬಾಗಿಲು ಪೂರ್ತಿ ತೆರೆದಿರುತ್ತದೆ. ತಾಸು ತಾಸಿಗೆ ಅದು ಮುಚ್ಚುತ್ತ ಬರುತ್ತದೆ. ಹನ್ನೆರಡು ತಾಸಿನ ಹೊತ್ತಿಗೆ ಬಹುಮಟ್ಟಿಗೆ ಮುಚ್ಚಿರುತ್ತದೆ. ಒಂದು ಹಗಲು ಒಂದು ರಾತ್ರಿ ಕಳೆಯುವಷ್ಟರಲ್ಲಿ ಅಗುಳಿಯೇ ಬೀಳುತ್ತದೆ. ಆ ಬಳಿಕ ಕೊಡಗಟ್ಟಲೆ ಗಿಣ್ಣ ಕುಡಿಸಿದರೂ ಅದು ಹೊಟ್ಟೆಗೆ ಆಹಾರವಾದೀತು, ಕರುಳಿಗೆ ತುಸು ಕಾವಲಾದೀತು, ರಕ್ತಕ್ಕೆ ಕವಚವಾಗಲಾರದು. ನಮ್ಮ ಎಮ್ಮೆಯ ಕರು ಇಡೀ ರಾತ್ರಿ ಕಟ್ಟಿಹಾಕಿಸಿಕೊಂಡು ಕಾದದ್ದು ಈ ಬಾಗಿಲು ಮುಚ್ಚುತ್ತಿದ್ದ ಹೊತ್ತಿನಲ್ಲಿಯೇ.

ಈ ಹಾಲಿನಲ್ಲಿ ಅಂಥ ಕಣಗಳಿವೆಯೆಂಬುದಕ್ಕೆ ಸಾಕ್ಷಿ ಬೇಕಾದರೆ ಪ್ರಯೋಗಶಾಲೆಗೆ ಹೋಗಬೇಕಾಗಿಲ್ಲ. ಅಡಿಗೆಮನೆಗೆ ಹೋದರೆ ಸಾಕು. ದಿನದ ಹಾಲನ್ನು ಕಾಸಿದರೆ ಅದು ಉಕ್ಕುತ್ತದೆ, ಕೆನೆಗಟ್ಟುತ್ತದೆ, ಆದರೆ ಇಡ್ಲಿಯಂತೆ ಗಟ್ಟಿಯಾಗುವುದಿಲ್ಲ. ಗಿಣ್ಣದ ಹಾಲು ಹಬೆ ತಾಕಿದೊಡನೆ ಕೊಯ್ಯುವಷ್ಟು ಗಟ್ಟಿಯಾಗುತ್ತದೆ. ಏಕೆ? ಸಾಮಾನ್ಯ ಹಾಲಿನಲ್ಲಿ ಸಸಾರಜನಕ ನೂರಕ್ಕೆ ಮೂರು ನಾಲ್ಕು ಪಾಲು. ಆಕಳ ಮೊದಲ ಗಿಣ್ಣದಲ್ಲಿ ಸುಮಾರು ಹದಿನಾಲ್ಕು ಪಾಲು. ಅದರಲ್ಲಿ ದೊಡ್ಡ ಭಾಗ ಈ ರಕ್ಷಣೆಯ ಕಣಗಳೇ. ಶಾಖಕ್ಕೆ ಹೆಪ್ಪುಗಟ್ಟುವುದು ಅವುಗಳ ಗುಣ. ಮೂರನೆಯ ನಾಲ್ಕನೆಯ ದಿನದ ಹಾಲಿನಿಂದ ಗಿಣ್ಣ ಚೆನ್ನಾಗಿ ಕಟ್ಟುವುದಿಲ್ಲವೆಂದು ನಿಮ್ಮ ಅಜ್ಜಿಯರು ಬಲ್ಲರು. ಆ ಹೊತ್ತಿಗೆ ಕಣಗಳು ತೀರಿರುತ್ತವೆಂಬುದೇ ಅದರ ಅರ್ಥ. ಎಂದರೆ ನಮ್ಮ ಬಟ್ಟಲಿನಲ್ಲಿ ಗಟ್ಟಿಯಾಗಿ ಕುಳಿತದ್ದು ಕರುವಿನ ಕವಚ. ಆದುದರಿಂದ ಕರುವಿಗೆ ಕೊಡುವ ಗಿಣ್ಣದ ಹಾಲನ್ನು ಎಂದೂ ಕಾಸಬಾರದೆಂಬುದೂ ಇದರಿಂದ ತಿಳಿಯುತ್ತದೆ. ಕೆಚ್ಚಲಿನ ಬಿಸಿಯಲ್ಲಿಯೇ ಅದು ಕರುವಿನ ಬಾಯಿಗೆ ಹೋಗಬೇಕು.

ಈಗ ನಮ್ಮ ಭಾಗದಲ್ಲಿ ರೂಢಿಯಲ್ಲಿರುವ ಮೂರು ತಿಳಿವಳಿಕೆಗಳನ್ನು ಪರೀಕ್ಷಿಸೋಣ. ಹಿರಿಯರ ಮಾತನ್ನು ಹಗುರಾಗಿ ನೋಡುವುದು ನಮ್ಮ ಉದ್ದೇಶವಲ್ಲ. ಅದರಲ್ಲಿ ಸತ್ಯವೆಷ್ಟು, ಭ್ರಮೆಯೆಷ್ಟು ಎಂದು ಬೇರ್ಪಡಿಸುವುದೇ ವಿದ್ಯೆ.

ಮೊದಲನೆಯದು, ಕಸ ಬೀಳುವ ತನಕ ಕರುವಿಗೆ ಹಾಲು ಕುಡಿಸಬಾರದೆಂಬುದು. ಇದು ಭ್ರಮೆ, ಅಷ್ಟೇ ಅಲ್ಲ, ನಿಜವು ಇದಕ್ಕೆ ತದ್ವಿರುದ್ಧವಾಗಿದೆ. ಕರು ಮೊಲೆ ಚೀಪಿದಾಗ ತಾಯಿಯ ಶರೀರದಲ್ಲಿ ಒಂದು ರಸ ಹುಟ್ಟುತ್ತದೆ. ಕೆಚ್ಚಲು ತೊರೆಯುವುದು ಅದರಿಂದಲೇ. ಗರ್ಭಕೋಶ ಹಿಂಡಿಕೊಂಡು ಕಸವನ್ನು ಹೊರದೂಡುವುದಕ್ಕೂ ಅದೇ ನೆರವಾಗುತ್ತದೆ. ಆದುದರಿಂದ ಕಸ ಬೀಳಲೆಂದು ಕರುವನ್ನು ಕಟ್ಟಿಹಾಕುವುದೆಂದರೆ ಎತ್ತನ್ನು ಬಿಚ್ಚಿ ಗಾಡಿ ಓಡಲೆಂದು ಕಾದಂತೆ. ಹನ್ನೆರಡು ತಾಸಾದರೂ ಕಸ ಬೀಳದಿದ್ದರೆ ಪಶುವೈದ್ಯರನ್ನು ಕರೆಯಿಸಿರಿ. ಕರುವನ್ನು ಮಾತ್ರ ಕಾಯಿಸಬೇಡಿರಿ.

ಎರಡನೆಯದು, ಗಿಣ್ಣ ಕುಡಿದರೆ ಕರುವಿಗೆ ಭೇದಿಯಾಗುತ್ತದೆ, ಹೊಟ್ಟೆಯಲ್ಲಿ ಜಂತು ಬೀಳುತ್ತವೆ ಎಂಬುದು. ಇದರಲ್ಲಿ ಒಂದು ಸತ್ಯಾಂಶವಿದೆ. ಎಮ್ಮೆಗರುಗಳಿಗೆ ಬರುವ ಒಂದು ಜಾತಿಯ ಉದ್ದನೆಯ ಜಂತುವಿನ ಮರಿಗಳು ತಾಯಿಯ ಶರೀರದಲ್ಲಿ ಅಡಗಿದ್ದು, ಹಾಲಿನ ಮೂಲಕವೇ ಕರುವಿನ ಹೊಟ್ಟೆ ಸೇರುತ್ತವೆ. ಇದನ್ನು ಹಿರಿಯರು ಕಣ್ಣಾರೆ ಕಂಡಿದ್ದರು. ಆದರೆ ಅದಕ್ಕೆ ಅವರು ಹುಡುಕಿದ ಉಪಾಯ ತಪ್ಪಾಯಿತು. ಆ ಜಂತುಗಳು ಗಿಣ್ಣದಲ್ಲಿ ಮಾತ್ರವಲ್ಲ, ಮುಂದಿನ ಎರಡು ಮೂರು ವಾರಗಳ ಹಾಲಿನಲ್ಲಿಯೂ ಬರುತ್ತವೆ; ಗಿಣ್ಣ ತಪ್ಪಿಸಿದರೆ ಜಂತು ತಪ್ಪುವುದಿಲ್ಲ, ರಕ್ಷಣೆ ಮಾತ್ರ ತಪ್ಪುತ್ತದೆ. ಹತ್ತರಿಂದ ಹದಿನಾರನೆಯ ದಿನದೊಳಗೆ ಪಶುವೈದ್ಯರು ಹೇಳಿದ ಜಂತಿನ ಔಷಧವನ್ನು ಕುಡಿಸಿದರೆ ಆ ಕೆಲಸ ಮುಗಿಯಿತು.

ಮೂರನೆಯದು ಬಾಯಿಬಿಟ್ಟು ಹೇಳದ ತಿಳಿವಳಿಕೆ: ಕೋಣಗರು ಬದುಕಿ ಆಗಬೇಕಾದುದೇನು ಎಂಬುದು. ಇದಕ್ಕೆ ಶಾಸ್ತ್ರದಿಂದ ಉತ್ತರ ಕೊಡುವ ಮೊದಲು ಲೆಕ್ಕದಿಂದ ಕೊಡುತ್ತೇವೆ. ಎಮ್ಮೆಯು ಕರುವನ್ನು ಕಾಣದೆ ಸುಲಭವಾಗಿ ತೊರೆಯುವ ಪ್ರಾಣಿಯಲ್ಲ. ಕರು ಸತ್ತ ಮನೆಯಲ್ಲಿ ಹಾಲು ಕಡಿಮೆಯಾಗುತ್ತದೆಂಬುದನ್ನು ಹೈನದ ಮನೆತನದವರೆಲ್ಲ ಬಲ್ಲರು. ಕೃಷ್ಣೆಯ ದಂಡೆಯ ಭಿಲವಡಿಯಲ್ಲಿ ಚಿತಳೆಯವರು 1939ರಲ್ಲಿ ಹಾಲಿನ ಉದ್ಯಮವನ್ನು ಆರಂಭಿಸಿದ ಜಿಲ್ಲೆ ಇದು. ಪಂಢರಪುರಿ ಎಮ್ಮೆಯೂ ಖಿಲಾರಿ ದನವೂ ಹೆಸರಾದ ಸೀಮೆ ಇದು. ಇಂಥಲ್ಲಿ ಕರುವಿನ ಪಾಲನ್ನು ಕಸಿದು ಲಾಭ ಮಾಡಿಕೊಂಡವರನ್ನು ನಾವು ಈ ವರೆಗೆ ಕಂಡಿಲ್ಲ. ಲೆಕ್ಕವನ್ನು ಬದಿಗಿಟ್ಟು ಹೇಳುವುದಾದರೆ, ಕೋಣಗರುವಿಗೂ ಹಸಿವಾಗುತ್ತದೆ. ಅಷ್ಟು ಕಾರಣ ಸಾಲದೆ?

ಹಾಗಾದರೆ ಗಿಣ್ಣ ತಿನ್ನಲೇಬಾರದೇ ಎಂದು ಮುಂದಿನ ಸಾಲಿನ ಮಕ್ಕಳ ಮುಖ ಕೇಳುತ್ತಿದೆ. ತಿನ್ನಿರಿ. ಆದರೆ ಸರದಿ ತಪ್ಪಿಸಬೇಡಿರಿ. ಕರುವಿನ ತೂಕದ ಹತ್ತನೆಯ ಒಂದು ಪಾಲಿನಷ್ಟು ಗಿಣ್ಣದ ಹಾಲು ಮೊದಲ ದಿನ ಅದರ ಹೊಟ್ಟೆಗೆ ಹೋಗಬೇಕು. 25 ಕಿಲೋ ತೂಗುವ ಕರುವಿಗೆ ಎರಡೂವರೆ ಲೀಟರ್ ಆಯಿತು. ಅದರಲ್ಲಿ ಅರ್ಧದಷ್ಟಾದರೂ ಹುಟ್ಟಿದ ಎರಡು ತಾಸಿನೊಳಗೆ, ಉಳಿದದ್ದು ಹನ್ನೆರಡು ತಾಸಿನೊಳಗೆ ಆಗಬೇಕು. ಎರಡನೆಯ ಮೂರನೆಯ ದಿನವೂ ಕರು ತಾಯಿಯ ಹಾಲನ್ನೇ ಕುಡಿಯಲಿ. ಅದು ಕುಡಿದು ಮಿಕ್ಕದ್ದು ಮನೆಗೆ, ನೆರೆಮನೆಗೆ. ಸಾಮಾನ್ಯವಾಗಿ ಮಿಗುತ್ತದೆ, ಮಿಗದಿದ್ದರೆ ಆ ಸಲ ಗಿಣ್ಣವಿಲ್ಲವೆಂದು ತಿಳಿಯಿರಿ.

ಕುಡಿಸುವ ಬಗೆಯನ್ನೂ ಹೇಳಬೇಕು. ಕರು ತಾನಾಗಿ ಎದ್ದು ಕುಡಿದರೆ ಉತ್ತಮ. ಏಳಲಾರದಿದ್ದರೆ ಅದರ ಮೈಯನ್ನು ಒಣ ಗೋಣಿತಟ್ಟಿನಿಂದ ಚೆನ್ನಾಗಿ ಉಜ್ಜಿ, ಮೂಗು ಬಾಯಿಗಳ ಲೋಳೆಯನ್ನು ತೆಗೆದು, ಎತ್ತಿ ನಿಲ್ಲಿಸಿ ಮೊಲೆಗೆ ಹಚ್ಚಬೇಕು. ಅದೂ ಆಗದಿದ್ದರೆ ಹಿಂಡಿದ ಹಾಲನ್ನು ಸ್ವಚ್ಛವಾದ ಮೊಲೆಬಾಟಲಿಯಿಂದ ಅದು ತಾನೇ ಚೀಪುವಂತೆ ಕುಡಿಸಬೇಕು. ಗೊಟ್ಟದಿಂದ ಗಂಟಲಿಗೆ ಸುರಿಯಬಾರದು. ಹಾಲು ಶ್ವಾಸಕೋಶಕ್ಕೆ ಇಳಿದರೆ ಕೊಟ್ಟ ಅಮೃತವೇ ಕೊಲ್ಲುತ್ತದೆ. ಹೊಕ್ಕುಳಬಳ್ಳಿಯ ತುದಿಯನ್ನು ಟಿಂಚರ್ ಆಯೋಡಿನ್ನಿನಲ್ಲಿ ಅದ್ದಬೇಕು. ಎರಡು ಮೂರು ದಿನ ಹಾಗೆ ಮಾಡಬೇಕು. ಸೆಗಣಿ, ಬೂದಿ ಹಚ್ಚಬಾರದು. ಹೊಕ್ಕುಳವು ರೋಗಾಣುಗಳಿಗೆ ಇನ್ನೊಂದು ಬಾಗಿಲು. ಅಲ್ಲಿಂದ ಹೊಕ್ಕ ರೋಗ ಕೀಲುಗಳಿಗೆ ಇಳಿದು ಕರು ಕುಂಟುವುದನ್ನು ನಾವು ಎಷ್ಟೋ ಕಡೆ ಕಂಡಿದ್ದೇವೆ.

ತಾಯಿಯನ್ನು ಮರೆತು ಕರುವಿನ ಮಾತಾಡುವುದು ಸರಿಯಲ್ಲ. ಗಬ್ಬದ ಕೊನೆಯ ಎರಡು ತಿಂಗಳು ಆಕಳನ್ನಾಗಲಿ ಎಮ್ಮೆಯನ್ನಾಗಲಿ ಹಿಂಡದೆ ಬತ್ತಿಸಬೇಕು. ಆ ಕಾಲದಲ್ಲಿ ಕಣಿಕೆ ಒಂದನ್ನೇ ಹಾಕದೆ ಹಸಿಮೇವು ಹಿಂಡಿಗಳನ್ನೂ ಕೊಡಬೇಕು. ಈಯುವ ದಿನದ ತನಕ ಹಿಂಡಿದರೆ ಕೆಚ್ಚಲಿನಲ್ಲಿ ಬುತ್ತಿ ಕೂಡುವುದಾದರೂ ಹೇಗೆ? ಕಾಲುಬಾಯಿ ಬೇನೆ, ಗಂಟಲುಬೇನೆಗಳ ಲಸಿಕೆಯನ್ನು ಪಶುವೈದ್ಯರ ಸಲಹೆಯಂತೆ ತಾಯಿಗೆ ಸಕಾಲದಲ್ಲಿ ಹಾಕಿಸಿದರೆ ಅದರ ಫಲವು ಗಿಣ್ಣದ ಮೂಲಕ ಕರುವಿಗೂ ಸೇರುತ್ತದೆ. ಒಂದು ಲಸಿಕೆ ಎರಡು ಜೀವ ಕಾಯುತ್ತದೆ.

ಈಗ ಇನ್ನೊಂದು ಪ್ರಾಣಿಯ ಮಾತು. ಆರಂಭದಲ್ಲಿ ನಾವು ಹಂದಿಮರಿ ಎಂಬ ಶಬ್ದವನ್ನು ಉಚ್ಚರಿಸಿದಾಗ ಸಭೆಯಲ್ಲಿ ಕೆಲವರು ನಕ್ಕದ್ದು ನಮಗೆ ಕೇಳಿಸಿತು. ಕೆಲವು ವರ್ಷಗಳ ಹಿಂದೆ ಬೇರೊಂದು ಶಾಲೆಯಲ್ಲಿಯೂ ಹೀಗೆಯೇ ಆಯಿತು. ಅಂದು ಎಲ್ಲರೂ ನಗುತ್ತಿದ್ದಾಗ ಒಬ್ಬ ಹುಡುಗ ಮಾತ್ರ ತಲೆ ತಗ್ಗಿಸಿದ್ದನು. ಭಾಷಣ ಮುಗಿದ ಮೇಲೆ ಅವನು ಅಂಗಳದಲ್ಲಿ ನಮ್ಮ ಹಿಂದೆ ಹಿಂದೆ ಬಂದು, ಯಾರೂ ಇಲ್ಲವೆಂದು ನೋಡಿಕೊಂಡು ಹೇಳಿದನು: "ನಮ್ಮವ್ವ ಮೊದಲ ಹುಟ್ಟಿದ ಮರಿಗಳನ್ನ ಒಂದೀಟು ಹೊತ್ತು ಬುಟ್ಯಾಗ ಹಾಕಿ ಮುಚ್ಚತಾಳ್ರಿ. ಹಿಂದ ಹುಟ್ಟಿದ ಸಣ್ಣವೂ ಕುಡೀಲಿ ಅಂತ."

ತಂದೆತಾಯಿಗಳೆ, ಆ ಒಂದು ಮಾತಿನಲ್ಲಿ ಎಷ್ಟು ವಿದ್ಯೆ ಅಡಗಿದೆಯೆಂದು ಕೇಳಿರಿ. ಹಂದಿ ಒಂದು ಸಲಕ್ಕೆ ಎಂಟು ಹತ್ತು ಮರಿಗಳನ್ನು ಹಾಕುತ್ತದೆ. ಒಂದೊಂದರ ತೂಕ ಒಂದು ಒಂದೂವರೆ ಕಿಲೋ. ಹೆರಿಗೆ ಕೆಲವು ತಾಸುಗಳ ತನಕ ನಡೆಯುತ್ತದೆ. ಮೊದಲು ಹುಟ್ಟಿದ ಬಲಿಷ್ಠ ಮರಿಗಳು ಒಳ್ಳೆಯ ಮೊಲೆಗಳನ್ನು ಹಿಡಿದು ಹೊಟ್ಟೆ ತುಂಬ ಕುಡಿಯುತ್ತವೆ. ಕೊನೆಯಲ್ಲಿ ಹುಟ್ಟಿದ ಬಡಕಲು ಮರಿ ನೂಕುನುಗ್ಗಲಿನಲ್ಲಿ ಹಿಂದೆ ಬೀಳುತ್ತದೆ. ಇತ್ತ ಹಂದಿಯ ಗಿಣ್ಣದ ಸತ್ವ ಅರ್ಧ ದಿನದಲ್ಲಿಯೇ ಬಹಳ ಇಳಿದುಹೋಗುತ್ತದೆ. ಅತ್ತ ಮರಿಯ ಕರುಳಿನ ಬಾಗಿಲೂ ಒಂದು ಒಂದೂವರೆ ದಿನದಲ್ಲಿ ಮುಚ್ಚುತ್ತದೆ. ಒಂದೊಂದು ಮರಿಗೆ ಮೊದಲ ದಿನ ಕಾಲು ಲೀಟರಿಗೆ ಸಮೀಪದಷ್ಟು ಗಿಣ್ಣ ಬೇಕು. ಆದುದರಿಂದ ಹೊಟ್ಟೆ ತುಂಬಿದ ಮರಿಗಳನ್ನು ತಾಸೊಂದು ಹೊತ್ತು ಬೆಚ್ಚಗಿನ ಬುಟ್ಟಿಯಲ್ಲಿಟ್ಟು, ದುರ್ಬಲ ಮರಿಗಳಿಗೆ ಅವಕಾಶ ಕೊಡಬೇಕೆಂದು ಇಂದಿನ ಪಶುವಿಜ್ಞಾನದ ಗ್ರಂಥಗಳು ಬೋಧಿಸುತ್ತವೆ. ಅಕ್ಷರ ಬಾರದ ಆ ತಾಯಿಯು ಅದನ್ನು ಗ್ರಂಥದಿಂದ ಕಲಿತಿರಲಿಲ್ಲ, ನೋಡಿ ಕಲಿತಿದ್ದಳು. ಮರುದಿನ ನಾವು ಆ ಶಾಲೆಗೆ ಮತ್ತೆ ಹೋಗಿ, ಗುರುಗಳ ಅಪ್ಪಣೆ ಪಡೆದು, ಅದೇ ತರಗತಿಯ ಮುಂದೆ ಆ ಹುಡುಗನಿಂದಲೇ ಈ ಸಂಗತಿಯನ್ನು ಹೇಳಿಸಿದೆವು. ಅವನು ಹೇಳಿ ಮುಗಿಸುವ ತನಕ ಯಾರೂ ನಗಲಿಲ್ಲ.

ಹಂದಿಮರಿಗೆ ಗಿಣ್ಣದ ಜೊತೆಗೆ ಇನ್ನೆರಡು ಬೇಕು. ಒಂದು ಕಾವು. ಅದು ಮೈಯಲ್ಲಿ ಕೊಬ್ಬಿಲ್ಲದೆ ಹುಟ್ಟುತ್ತದೆ; ಮೊದಲ ದಿನಗಳಲ್ಲಿ ಅದರ ನೆಲೆಗೆ 32ರಿಂದ 34 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ತಾಯಿಗೆ ಅಷ್ಟು ಬಿಸಿ ಆಗದು. ಆದುದರಿಂದ ಮೂಲೆಯೊಂದರಲ್ಲಿ ಒಣ ಹುಲ್ಲು ಹಾಸಿ, ಮೇಲೆ ವಿದ್ಯುದ್ದೀಪ ತೂಗಿಬಿಟ್ಟು, ಮರಿಗಳಿಗೆ ಪ್ರತ್ಯೇಕವಾದ ಬೆಚ್ಚನೆಯ ಎಡೆ ಮಾಡಬೇಕು. ಹಾಗೆ ಮಾಡದಿದ್ದರೆ ಅವು ಕಾವಿಗಾಗಿ ತಾಯಿಯ ಮಗ್ಗುಲಿಗೆ ಸೇರಿ, ಅವಳು ಹೊರಳಿದಾಗ ಮೈ ಕೆಳಗೆ ಸಿಕ್ಕು ಸಾಯುತ್ತವೆ. ಚಳಿ ಹತ್ತಿದ ಮರಿ ಕುಡಿಯಲಾರದು. ಕುಡಿಯದ ಮರಿ ಮತ್ತಷ್ಟು ತಣ್ಣಗಾಗುತ್ತದೆ. ಇನ್ನೊಂದು ಕಬ್ಬಿಣದ ಸತ್ವ. ಮರಿಗೆ ದಿನಕ್ಕೆ ಸುಮಾರು 7 ಮಿಲಿಗ್ರಾಂ ಕಬ್ಬಿಣ ಬೇಕು. ತಾಯಿಯ ಹಾಲಿನಿಂದ ದೊರೆಯುವುದು ಸುಮಾರು 1 ಮಿಲಿಗ್ರಾಂ. ಮಣ್ಣು ಕೆದರುವ ಮರಿಗೆ ಮಣ್ಣಿನಿಂದಲೇ ಅದು ಸಿಗುತ್ತದೆ. ಸಿಮೆಂಟಿನ ನೆಲದ ಮೇಲೆ ಬೆಳೆಯುವ ಮರಿಗೆ ಸಿಗದು. ಅದಕ್ಕೆ ಮೂರನೆಯ ದಿನದ ಸುಮಾರಿಗೆ ಕಬ್ಬಿಣದ ಚುಚ್ಚುಮದ್ದು ಕೊಡಿಸಬೇಕು. ನೆಲ ಸ್ವಚ್ಛವಾದೊಡನೆ ಎಲ್ಲವೂ ಸರಿಯಾಯಿತೆಂದಲ್ಲ; ಮಣ್ಣು ಕೊಡುತ್ತಿದ್ದುದನ್ನು ನಾವು ಕೊಡಬೇಕಾಗುತ್ತದೆ. ಜತ್ತ ತಾಲೂಕಿನ ಮಾಡಗ್ಯಾಳದ ಹೆಸರಾಂತ ಕುರಿಯ ಮರಿಗೂ ಕಾವು, ಗಿಣ್ಣ ಎರಡೂ ಮೊದಲ ತಾಸುಗಳ ಅಗತ್ಯಗಳೇ.

ಕೊನೆಯದಾಗಿ ಮನುಷ್ಯನ ಕೂಸಿನ ಮಾತು. ಮಿರಜವು ವೈದ್ಯರ ಊರು. 1894ರಲ್ಲಿ ವಿಲಿಯಂ ವಾನ್ಲೆಸ್ ಎಂಬ ಮಿಶನರಿ ವೈದ್ಯರು ಇಲ್ಲಿ ಆಸ್ಪತ್ರೆ ತೆರೆದಂದಿನಿಂದ ಕನ್ನಡ ಸೀಮೆಯ ಜನ ರೈಲು ಹತ್ತಿ ಇಲ್ಲಿಗೆ ಚಿಕಿತ್ಸೆಗೆ ಬರುತ್ತಿದ್ದಾರೆ. 1962ರಲ್ಲಿ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವೂ ಇಲ್ಲಿ ಸ್ಥಾಪಿತವಾಯಿತು. ಆದರೆ ಆಸ್ಪತ್ರೆ ಎಷ್ಟು ಹತ್ತಿರವಿದ್ದರೂ ಮೊದಲ ತಾಸಿನ ತೀರ್ಮಾನ ಮನೆಯವರದು. ಬಾಣಂತಿಯ ಮೊದಲ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿ, ಕೂಸಿನ ನಾಲಿಗೆಗೆ ಜೇನುತುಪ್ಪವನ್ನೋ ಬೆಲ್ಲದ ನೀರನ್ನೋ ಹಚ್ಚುವ ರೂಢಿ ನಮ್ಮಲ್ಲಿ ಇನ್ನೂ ಪೂರ್ಣವಾಗಿ ಅಳಿದಿಲ್ಲ. ಕೂಸಿಗೆ ಗರ್ಭದಲ್ಲಿಯೇ ರಕ್ತದ ರಕ್ಷಣೆ ದೊರೆತಿರುತ್ತದೆಂದು ಆಗಲೇ ಹೇಳಿದೆವು. ಆದರೆ ಅದರ ಕರುಳಿನ ಒಳಮೈಗೆ ಲೇಪದಂತೆ ಹರಡಿ ಕಾಯುವ ಬೇರೆ ಜಾತಿಯ ಕಣಗಳು ಆ ಮೊದಲ ಹಾಲಿನಲ್ಲಿಯೇ ಇರುತ್ತವೆ. ಹುಟ್ಟಿದ ಒಂದು ತಾಸಿನೊಳಗೆ ಮೊಲೆಗೆ ಹಚ್ಚಬೇಕು, ಆರು ತಿಂಗಳ ತನಕ ತಾಯಿಯ ಹಾಲನ್ನಲ್ಲದೆ ನೀರನ್ನು ಕೂಡ ಕೊಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಹಾಗೆ ಒಂದು ತಾಸಿನೊಳಗೆ ಎದೆಹಾಲು ದೊರೆತ ಮಕ್ಕಳು ನೂರಕ್ಕೆ ಸುಮಾರು 42 ಮಾತ್ರ. ಕರುವಿಗೆ ನಾವು ಮಾಡಿದ ತಪ್ಪನ್ನೇ ಕೂಸಿಗೂ ಮಾಡುತ್ತಿದ್ದೇವೆಂದು ಇದರಿಂದ ತಿಳಿಯಬೇಕು.

ವಿದ್ಯಾರ್ಥಿಗಳೆ, ಈ ಭಾಷಣದಿಂದ ನೀವು ಮನೆಗೆ ಒಯ್ಯಬೇಕಾದ ಕೆಲಸ ಒಂದೇ. ಇನ್ನು ಮುಂದೆ ನಿಮ್ಮ ಮನೆಯಲ್ಲಾಗಲಿ ನೆರೆಯಲ್ಲಾಗಲಿ ಆಕಳು, ಎಮ್ಮೆ, ಆಡು, ಕುರಿ, ಹಂದಿ ಯಾವುದೇ ಈದರೂ, ಅದು ಹುಟ್ಟಿದ ವೇಳೆಯನ್ನೂ ಮೊದಲು ಕುಡಿದ ವೇಳೆಯನ್ನೂ ನಿಮ್ಮ ವಹಿಯಲ್ಲಿ ಬರೆದಿಡಿರಿ. ಒಂದು ತಿಂಗಳ ಮೇಲೆ ಆ ಮರಿ ಹೇಗಿದೆಯೆಂಬುದನ್ನೂ ಅದರ ಕೆಳಗೆ ಬರೆಯಿರಿ. ಕನ್ನಡದಲ್ಲಿಯೇ ಬರೆಯಿರಿ. ವರ್ಷದ ಕೊನೆಗೆ ಎಲ್ಲರ ವಹಿಗಳನ್ನೂ ಗುರುಗಳು ಒಟ್ಟುಗೂಡಿಸಿದರೆ, ನಿಮ್ಮ ಊರಿನ ವಿಷಯವಾಗಿ ಯಾವ ಪುಸ್ತಕದಲ್ಲಿಯೂ ಇಲ್ಲದ ಜ್ಞಾನ ನಿಮ್ಮ ಶಾಲೆಯಲ್ಲಿ ಇರುತ್ತದೆ. ಹಿರಿಯರು ಕಸ ಬೀಳಲಿ ಎಂದರೆ ವಾದಕ್ಕೆ ನಿಲ್ಲಬೇಡಿರಿ. "ಅಜ್ಜಿ, ಕರು ಚೀಪಿದರ ಕಸ ಲಗೂನ ಬೀಳತೈತಂತ" ಎಂದು ವಿನಯದಿಂದ ಹೇಳಿ, ಕರುವನ್ನು ಬಿಚ್ಚಿರಿ.

ನಮ್ಮ ಮನೆಯ ಆ ಕರುವಿಗೆ ಅಂದು ಯಾರೂ ಹಗ್ಗ ಬಿಚ್ಚಲಿಲ್ಲ. ಬಿಚ್ಚಬಹುದಾಗಿದ್ದ ಹತ್ತು ವರ್ಷದ ಹುಡುಗ ಪಕ್ಕದಲ್ಲಿಯೇ ನಿಂತಿದ್ದನು. ಅವನಿಗೆ ಯಾರೂ ಇದನ್ನು ಹೇಳಿರಲಿಲ್ಲ. ನಿಮಗೆ ಈಗ ಹೇಳಿದ್ದೇವೆ.